ಚಳಿಗೆ ರೇಂಜ್ ಇಳಿದರೆ ಬ್ಯಾಟರಿ ಹೋಯಿತು ಅಂತಲ್ಲ

ಚಳಿ ಶುರುವಾಯಿತು ಅಂದರೆ ವರ್ಕ್‌ಶಾಪಿಗೆ ಬರುವ ದೂರು ಒಂದೇ. "ಬ್ಯಾಟರಿ ಹೋಗಿದೆ ಸರ್, ವಾರಂಟಿಯಲ್ಲಿ ಹೊಸದು ಹಾಕಿಸಿಕೊಡಿ." ಬೇಸಿಗೆಯಲ್ಲಿ 120 ಕಿಲೋಮೀಟರ್ ಹೋಗುತ್ತಿದ್ದ ಎಲೆಕ್ಟ್ರಿಕ್ ಬೈಕ್ ಈಗ 90ಕ್ಕೇ ಸುಸ್ತಾಗುತ್ತದೆ ಅನ್ನುತ್ತಾರೆ. ಅವರ ಗಾಬರಿ ಅರ್ಥವಾಗುತ್ತದೆ. ಬೈಕಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದೇ ಅಲ್ವಾ? ಆದರೆ ಹೀಗೆ ಬರುವ ಹೆಚ್ಚಿನ ಬ್ಯಾಟರಿಗಳಿಗೆ ಏನೂ ಆಗಿರುವುದಿಲ್ಲ.

ಬ್ಯಾಟರಿಯೊಳಗಿನ ಲಿಥಿಯಂ ಅಯಾನ್ ಸೆಲ್ ತಣ್ಣಗಾದರೆ ಅದರೊಳಗೆ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ನೀವು ಥ್ರಾಟಲ್ ತಿರುಗಿಸಿದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಅದು ಕೆಳಗಿನ ಮಿತಿ ಮುಟ್ಟಿದ್ದು ಕಂಡ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ), ಸೆಲ್‌ಗಳನ್ನು ಕಾಪಾಡಲು ಪವರ್ ಇಳಿಸುತ್ತದೆ, ಇಲ್ಲವೇ ಪೂರ್ತಿ ಕಡಿಯುತ್ತದೆ. ಚಾರ್ಜ್ ಒಳಗೇ ಇದೆ. ಆ ಚಳಿಯಲ್ಲಿ, ಅಷ್ಟು ಜೋರಾಗಿ ಎಳೆದರೆ ಹೊರಗೆ ಬರುವುದಿಲ್ಲ, ಅಷ್ಟೇ. ಬ್ಯಾಟರಿ ಪ್ಯಾಕ್ ಬೆಚ್ಚಗಾದ ಮೇಲೆ ಅದೇ ಚಾರ್ಜ್ ಮತ್ತೆ ಸಿಗುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ನಂಬುವುದು ಕಷ್ಟ.

ಒಬ್ಬ ಹುಡುಗನ ಬೈಕ್ ಏರಿನಲ್ಲಿ ನಿಂತುಬಿಟ್ಟಿತ್ತು. ಡಿಸ್‌ಪ್ಲೇ ಇನ್ನೂ 18% ತೋರಿಸುತ್ತಿತ್ತಂತೆ. ವರ್ಕ್‌ಶಾಪಿನ ಒಳಗೆ ಕೆಲವು ಗಂಟೆ ಬಿಟ್ಟ ಮೇಲೆ ಅದೇ ಬೈಕ್ ಆರಾಮಾಗಿ ಓಡಿತು. ಅವನಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಹಾಗಾಗಿ ರಾತ್ರಿ ಬೈಕನ್ನು ಹೊರಗೇ ನಿಲ್ಲಿಸಿ, ಬೆಳಿಗ್ಗೆ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಸೆಲ್ ವೋಲ್ಟೇಜ್ ನೋಡಿದೆ. ಲೋಡ್ ಕೊಟ್ಟಾಗ ಎಲ್ಲ ಸೆಲ್‌ಗಳೂ ಒಟ್ಟಿಗೆ, ಒಂದೇ ಸಮ ಕೆಳಗಿಳಿದವು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ಲೋಡ್‌ಗೆ ಅಷ್ಟು ಇಳಿಯಲೇ ಇಲ್ಲ. ಆಮೇಲೆ ಅವನ ಮುಖ ನಿರಾಳವಾಯಿತು.

ನಾನು ನೋಡುವುದು ಅದನ್ನೇ. ಎಲ್ಲ ಸೆಲ್‌ಗಳೂ ಒಟ್ಟಿಗೆ ಕುಸಿದು, ಬೆಚ್ಚಗಾದಾಗ ಸರಿಹೋದರೆ ಸಾಮಾನ್ಯವಾಗಿ ಅದು ಚಳಿಯ ಕೆಲಸ. ಬೆಚ್ಚಗಿದ್ದಾಗಲೂ ಒಂದೇ ಗುಂಪಿನ ಸೆಲ್‌ಗಳು ಉಳಿದವುಗಳಿಗಿಂತ ಕೆಳಗೆ ಬೀಳುತ್ತಿದ್ದರೆ ನಿಜವಾದ ದೋಷ ಇರಬಹುದು. ಅಂಥ ಬೈಕನ್ನು ಸುಮ್ನೆ ವಾಪಸ್ ಕಳಿಸುವುದಿಲ್ಲ, ವಾರಂಟಿಗೆ ನಾನೇ ಬರೆದುಕೊಡುತ್ತೇನೆ. ಲಿಥಿಯಂ ಅಯಾನ್‌ನಲ್ಲೇ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಗೆ ಎನ್‌ಎಂಸಿ (ನಿಕಲ್ ಮ್ಯಾಂಗನೀಸ್ ಕೋಬಾಲ್ಟ್) ಬಗೆಗಿಂತ ಚಳಿ ಜಾಸ್ತಿ ತಟ್ಟುತ್ತದೆ. ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ಇರುವುದರಿಂದ ಡಿಸ್‌ಪ್ಲೇಯ ಪರ್ಸೆಂಟ್ ಲೆಕ್ಕವೂ ಸುಲಭವಾಗಿ ತಪ್ಪುತ್ತದೆ.

ರೇಂಜ್ ಇಳಿಯಲು ಬ್ಯಾಟರಿ ಒಂದೇ ಕಾರಣವಲ್ಲ. 30 ಡಿಗ್ರಿಗೆ ಹೋಲಿಸಿದರೆ 0 ಡಿಗ್ರಿಯಲ್ಲಿ ಗಾಳಿ ಸುಮಾರು 10% ದಟ್ಟ. ಹೈವೇ ವೇಗದಲ್ಲಿ ಬೈಕಿನ ಶಕ್ತಿಯಲ್ಲಿ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಟೈರ್ ಪ್ರೆಶರ್ ಕೂಡ ಇಳಿಯುತ್ತದೆ, ಅದನ್ನಾದರೂ ನೋಡಿಕೊಳ್ಳಿ.

ಚಳಿಯಲ್ಲಿ ಓಡಿಸಿದರೆ ಬ್ಯಾಟರಿ ಹಾಳಾಗುತ್ತದೆ ಅಂತ ಹೆದರುವವರೇ, 0 ಡಿಗ್ರಿಗಿಂತ ಕೆಳಗೆ ತಣ್ಣಗಾದ ಪ್ಯಾಕ್‌ಗೆ ಯೋಚನೆಯಿಲ್ಲದೆ ಚಾರ್ಜರ್ ಚುಚ್ಚುತ್ತಾರೆ. ನಿಜವಾದ ಅಪಾಯ ಇರುವುದು ಅಲ್ಲಿ. ಚಾರ್ಜ್ ಆಗುವಾಗ ಸೆಲ್‌ನ ಆನೋಡ್ (ಋಣ ಧ್ರುವ) ಒಳಗೆ ಸೇರಬೇಕಾದ ಲಿಥಿಯಂ ಅದರ ಮೇಲೆ ಲೋಹವಾಗಿ ಕೂರುತ್ತದೆ. ಹಾಗೆ ಕಳೆದುಕೊಂಡ ಸಾಮರ್ಥ್ಯದಲ್ಲಿ ಬಹುಪಾಲು ಬೇಸಿಗೆ ಬಂದರೂ ವಾಪಸ್ ಬರುವುದಿಲ್ಲ. ಒಳ್ಳೆಯ ಬಿಎಂಎಸ್ ಇದನ್ನು ತಡೆಯುತ್ತದೆ, ಆದರೆ ಎಲ್ಲ ಬೈಕಿನಲ್ಲೂ ತಡೆಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ಮ್ಯಾನ್ಯುಯಲ್‌ನಲ್ಲಿ ಚಾರ್ಜಿಂಗ್ ತಾಪಮಾನ ಬರೆದಿರುತ್ತಾರೆ, ಓದಿ.

ಬೈಕ್ ನಿಲ್ಲಿಸುವ ಜಾಗ 0 ಡಿಗ್ರಿಗಿಂತ ಕೆಳಗೆ ಹೋಗುವಂತಿದ್ದರೆ, ಓಡಿಸಿ ಬಂದ ಕೂಡಲೇ, ಪ್ಯಾಕ್ ಬೆಚ್ಚಗಿರುವಾಗಲೇ ಚಾರ್ಜ್‌ಗೆ ಹಾಕಿ. ಅಷ್ಟು ಚಳಿ ಇಲ್ಲದಿದ್ದರೆ ಹೊರಡುವ ಹೊತ್ತಿಗೆ ಚಾರ್ಜ್ ಮುಗಿಯುವಂತೆ ಟೈಮರ್ ಇಡಿ. ಚಾರ್ಜ್ ಆಗುವಾಗ ಬಂದ ಅಲ್ಪಸ್ವಲ್ಪ ಬಿಸಿಯೂ ದಾರಿಗೆ ಅನುಕೂಲ. ಇಷ್ಟೆಲ್ಲ ಮಾಡಿಯೂ ಅನುಮಾನ ಉಳಿದರೆ, ಬೆಚ್ಚಗಿನ ಒಂದು ಮಧ್ಯಾಹ್ನ ನಿಮ್ಮ ಮಾಮೂಲಿ ದಾರಿಯಲ್ಲಿ, ಮಾಮೂಲಿ ವೇಗದಲ್ಲಿ ಓಡಿಸಿ ನೋಡಿ. ಆಗಲೂ ರೇಂಜ್ ಬರದಿದ್ದರೆ ಬೈಕ್ ತನ್ನಿ, ಕೂತು ನೋಡೋಣ.