ಸಾರಾಂಶ ಬಾಯಿಪಾಠವಿದ್ದರೂ ಇಂಗ್ಲಿಷ್ ಪದ್ಯಕ್ಕೆ ಅಂಕ ಬರುವುದಿಲ್ಲವೇಕೆ?

ಪ್ರಶ್ನೆ: ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಇಂಗ್ಲಿಷ್ ಪದ್ಯಗಳ ಸಾರಾಂಶವೆಲ್ಲ ಬಾಯಿಪಾಠವಾಗಿದೆ. ಆದರೂ 6 ಅಂಕದ ಪ್ರಶ್ನೆಯಲ್ಲಿ 3 ದಾಟುವುದಿಲ್ಲ. ಪದ್ಯದ ಸರಿಯಾದ ಅರ್ಥ ಯಾವ ಗೈಡಿನಲ್ಲಿ ಸಿಗುತ್ತದೆ?

ಉತ್ತರ: ಮಧ್ಯವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಹೋದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಒಂದೇ ಉತ್ತರ ಕೊಡುತ್ತೇನೆ: ಯಾವ ಗೈಡಿನಲ್ಲೂ ಸಿಗುವುದಿಲ್ಲ. 1 ಅಂಕದ ಪ್ರಶ್ನೆಗೆ ಸಾರಾಂಶ ಸಾಕು. 4 ಅಥವಾ 6 ಅಂಕದ ಪ್ರಶ್ನೆ ಪದ್ಯದ ಯಾವುದೋ ಒಂದು ಎಳೆಯನ್ನು ಹಿಡಿದು ಕೇಳುತ್ತದೆ, ಮಗು ಮಾತ್ರ ಇಡೀ ಪದ್ಯದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿ ಬರುತ್ತದೆ. ಅರ್ಧದಷ್ಟು ಅಂಕ ಹೋಗುವುದು ಅಲ್ಲಿಯೇ. ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಪ್ರಶ್ನೆಯ ಒಳಗೆ ಒಂದು ನಂಬಿಕೆ ಬೇರುಬಿಟ್ಟು ಕುಳಿತಿದೆ. ಪದ್ಯವೆಂದರೆ ಮುಚ್ಚಿದ ಡಬ್ಬಿ, ಒಳಗೆ ಒಂದೇ ಒಂದು ಅರ್ಥವಿದೆ, ಅದನ್ನು ಯಾರೋ ಬಲ್ಲವರು ತೆಗೆದು ಗೈಡಿನಲ್ಲಿ ಇಟ್ಟಿದ್ದಾರೆ ಎಂಬ ನಂಬಿಕೆ ಅದು. ಇಪ್ಪತ್ತು ವರ್ಷದಿಂದ ಅದನ್ನು ಕೀಳಲು ನೋಡುತ್ತಿದ್ದೇನೆ, ಇಂದು ಇನ್ನೊಮ್ಮೆ ಪ್ರಯತ್ನಿಸುತ್ತೇನೆ.

ನಮ್ಮ ಪ್ರಥಮ ಪಿಯುಸಿ ತರಗತಿಗಳಲ್ಲಿ ಹಲವು ವರ್ಷ ಓದಿಸಿದ ವಿಲಿಯಂ ಬ್ಲೇಕ್‌ನ 'ದಿ ಸ್ಕೂಲ್ ಬಾಯ್' ಪದ್ಯವನ್ನೇ ತೆಗೆದುಕೊಳ್ಳಿ. ತಲಾ 5 ಸಾಲಿನ 6 ನುಡಿಗಳು, ಒಟ್ಟು 30 ಸಾಲು. ಮಕ್ಕಳು ಒಪ್ಪಿಸುವ ಸಾರಾಂಶ ಒಂದೇ ವಾಕ್ಯದ್ದು: ಹುಡುಗನಿಗೆ ಶಾಲೆ ಇಷ್ಟವಿಲ್ಲ, ಕವಿ ಶಿಕ್ಷಣವನ್ನು ವಿರೋಧಿಸುತ್ತಾನೆ. ಈಗ ಮೂರನೆಯ ನುಡಿಯನ್ನು ನಿಧಾನವಾಗಿ ಓದಿ. ತನಗೆ ಪುಸ್ತಕದಲ್ಲಿ ಸಂತೋಷ ಕಾಣಲಾಗುತ್ತಿಲ್ಲ, ಕಲಿಕೆಯ 'ಬೋವರ್'ನಲ್ಲಿ ಕೂರಲಾಗುತ್ತಿಲ್ಲ ಎಂದು ಹುಡುಗ ಕೊರಗುತ್ತಾನೆ. ಬೋವರ್ ಎಂದರೆ ಲತಾಮಂಟಪ, ಬಳ್ಳಿ ಹಬ್ಬಿದ ತಂಪಾದ ಚಪ್ಪರ. ಕಲಿಕೆಯನ್ನು ದ್ವೇಷಿಸುವವನು ಅದನ್ನು ಲತಾಮಂಟಪವೆಂದು ಕರೆಯುತ್ತಾನೆಯೇ? ಹುಡುಗನ ದುಃಖ ಕಲಿಯಬೇಕಾಗಿ ಬಂದದ್ದಕ್ಕಲ್ಲ, ಕಲಿಕೆಯ ಸುಖ ತಪ್ಪಿಹೋದದ್ದಕ್ಕೆ. ಈ ಒಂದು ಪದವನ್ನು ಗಮನಿಸಿದ ವಿದ್ಯಾರ್ಥಿಯ ಉತ್ತರ ಉಳಿದ ನೂರು ಉತ್ತರಗಳಿಂದ ಬೇರೆಯಾಗಿ ನಿಲ್ಲುತ್ತದೆ.

ಎರಡನೆಯ ನುಡಿಯಲ್ಲಿ 'ಅಂಡರ್ ಎ ಕ್ರೂಯಲ್ ಐ ಔಟ್‌ವೋರ್ನ್' ಎಂಬ ಸಾಲಿದೆ. 'ಔಟ್‌ವೋರ್ನ್' ಎಂದರೆ ಸವೆದುಹೋದ, ಬಳಲಿ ಬತ್ತಿದ ಎಂದರ್ಥ. ಬಳಲಿದವರು ಯಾರು? ಮಕ್ಕಳನ್ನು ಕಾಯುವ ಆ ಕ್ರೂರ ಕಣ್ಣೇ ಬಳಲಿದೆಯೇ, ಅದರ ಕೆಳಗೆ ದಿನ ಕಳೆಯುವ ಮಕ್ಕಳು ಬಳಲಿದ್ದಾರೆಯೇ? ಇಂಗ್ಲಿಷ್ ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಮೊದಲನೆಯದನ್ನು ಹಿಡಿದರೆ ಮೇಷ್ಟ್ರೂ ಆ ವ್ಯವಸ್ಥೆಯಲ್ಲಿ ಸವೆದವರೇ ಆಗಿಬಿಡುತ್ತಾರೆ, ಎರಡನೆಯದನ್ನು ಹಿಡಿದರೆ ಮಕ್ಕಳ ದಣಿವೇ ಮುಂದಾಗುತ್ತದೆ. ಹಾಗೆಂದು ಬಾಯಿಗೆ ಬಂದ ಅರ್ಥವೆಲ್ಲ ನಡೆಯುತ್ತದೆ ಎಂದುಕೊಳ್ಳಬಾರದು. ಹುಡುಗನಿಗೆ ಶಾಲೆ ಸಂತೋಷ ಕೊಟ್ಟಿತು ಎಂದು ಯಾರಾದರೂ ಬರೆದರೆ ನಾನು ಅಂಕ ಕೊಡುವುದಿಲ್ಲ, ಏಕೆಂದರೆ ಅದನ್ನು ಹೊರುವ ಸಾಲು ಪದ್ಯದಲ್ಲಿ ಇಲ್ಲ. ಯಾವ ಸಾಲು, ಯಾವ ಪದ ಈ ಅರ್ಥವನ್ನು ಹೊರುತ್ತದೆ ಎಂದು ತೋರಿಸಿದರೆ ಅದು ಉತ್ತರ, ತೋರಿಸದಿದ್ದರೆ ಅದು ಅಭಿಪ್ರಾಯ.

ಇನ್ನೊಂದನ್ನೂ ನೋಡಿ. ಮೊದಲ ನುಡಿಗಳಲ್ಲಿ 'ನಾನು' ಎಂದು ಮಾತನಾಡುವ ಹುಡುಗ ಕೊನೆಗೆ ಬರುವಷ್ಟರಲ್ಲಿ 'ನಾವು' ಎನ್ನುತ್ತಾನೆ. ಐದನೆಯ ನುಡಿಯಲ್ಲಿ ಅವನು ಕೂಗಿ ಕರೆಯುವುದು ಮೇಷ್ಟ್ರನ್ನಲ್ಲ, ತಂದೆತಾಯಿಯನ್ನು. ಮೊಗ್ಗುಗಳನ್ನು ಚಿವುಟಿಹಾಕಿದರೆ ಬೇಸಿಗೆಯ ಫಲ ಎಲ್ಲಿಂದ ಬರಬೇಕು ಎಂದು ಅವರನ್ನೇ ಕೇಳುತ್ತಾನೆ. ಬ್ಲೇಕ್ ಈ ಪದ್ಯವನ್ನು 1789ರಲ್ಲಿ 'ಮುಗ್ಧತೆಯ ಹಾಡು'ಗಳ ಸಂಪುಟದಲ್ಲಿ ಅಚ್ಚುಹಾಕಿ, ಮುಂದೆ ತಾನೇ ಅದನ್ನು 'ಅನುಭವದ ಹಾಡು'ಗಳ ಗುಂಪಿಗೆ ಸೇರಿಸಿದ. ಬರೆದವನೇ ತನ್ನ ಪದ್ಯದ ಜಾಗ ಬದಲಿಸಿರುವಾಗ ಗೈಡಿನ ಒಂದು ವಾಕ್ಯಕ್ಕೆ ಅದನ್ನು ಶಾಶ್ವತವಾಗಿ ಕಟ್ಟಿಹಾಕುವ ಅಧಿಕಾರ ಎಲ್ಲಿಂದ ಬಂತು?

ನೀವು ಕೇಳದ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಪದ್ಯವನ್ನು ಕನ್ನಡದಲ್ಲಿ ಯೋಚಿಸಿದರೆ ಇಂಗ್ಲಿಷ್ ಕೆಡುತ್ತದೆ ಎಂದು ಮನೆಯಲ್ಲಿ ಮಕ್ಕಳನ್ನು ಗದರಿಸುವವರಿದ್ದಾರೆ. ದಯವಿಟ್ಟು ಗದರಿಸಬೇಡಿ. ಇದೇ ಪದ್ಯದ ಮೊದಲ ಸಾಲಿನಲ್ಲಿ ಹುಡುಗ 'ಸಮ್ಮರ್' ಬೆಳಗಿನಲ್ಲಿ ಏಳುವುದೆಂದರೆ ನನಗೆ ಪ್ರೀತಿ ಎನ್ನುತ್ತಾನೆ. ರಾಯಚೂರು ಕಡೆಯ ಒಬ್ಬ ವಿದ್ಯಾರ್ಥಿ ಒಮ್ಮೆ ಎದ್ದು ನಿಂತು, "ಸರ್, ಬ್ಯಾಸಗಿ ಯಾರಿಗೆ ಚಲೋ ಅನಸ್ತದ? ಅದೂ ರಜಾ ಇರೋ ಹೊತ್ತಿನ್ಯಾಗ ಸಾಲಿ ಹ್ಯಾಂಗ ಇರ್ತದ?" ಎಂದು ಕೇಳಿದ. ಆ ವರ್ಷ ನನ್ನ ತರಗತಿಯಲ್ಲಿ ಹುಟ್ಟಿದ ಅತ್ಯುತ್ತಮ ಪ್ರಶ್ನೆ ಅದು. ಇಂಗ್ಲೆಂಡಿನ ಸಮ್ಮರ್ ಎಂದರೆ ದೀರ್ಘ ಚಳಿಗಾಲ ಕಳೆದು ಹಗಲು ಉದ್ದವಾಗುವ, ಹೂವು ಹಕ್ಕಿಗಳ ಕಾಲ. ನಮ್ಮ ಮನಸ್ಸಿನಲ್ಲಿ ಆ ಜಾಗದಲ್ಲಿರುವುದು ವಸಂತ. ಪದವನ್ನು ಕನ್ನಡಕ್ಕೆ ತಂದು ನೋಡಿದ್ದರಿಂದಲೇ ಆ ಹುಡುಗನಿಗೆ ತೊಡಕು ಕಂಡಿತು, ತೊಡಕು ಕಂಡಿದ್ದರಿಂದಲೇ ಪದ್ಯ ತೆರೆಯಿತು. ಸಾರಾಂಶ ಉರುಹೊಡೆದ ಉಳಿದವರಿಗೆ ಅಲ್ಲಿ ತೊಡಕೇ ಕಂಡಿರಲಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದರು. ನಾವು ಹಾಡುವ 'ಕರುಣಾಳು, ಬಾ, ಬೆಳಕೆ' ಆ ಪುಸ್ತಕದ್ದು, ಅದರ ಮೂಲ ನ್ಯೂಮನ್ ಬರೆದ ಇಂಗ್ಲಿಷ್ ಪ್ರಾರ್ಥನೆ. ಅಡಿಗರು, ಅನಂತಮೂರ್ತಿಯವರು, ಲಂಕೇಶರು ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ, ಕನ್ನಡದಲ್ಲಿ ಯೋಚಿಸಿದವರೇ. ದ್ವಿತೀಯ ಪಿಯುಸಿಯ ಇಂಗ್ಲಿಷ್ ಪಠ್ಯಕ್ಕೆ ಕುವೆಂಪು ಅವರ ಕವಿತೆಯೊಂದು ಅನುವಾದವಾಗಿ ಬಂದಾಗಲೂ ನನ್ನ ವಿದ್ಯಾರ್ಥಿಗಳು ಅದರ ಅರ್ಥಕ್ಕಾಗಿ ಇಂಗ್ಲಿಷ್ ಗೈಡನ್ನೇ ತಡಕುತ್ತಿದ್ದರು, ಮೂಲ ಕವಿತೆ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲೇ ಇತ್ತು. ನಾನು ಅದನ್ನು ತರಿಸಿ, ಕನ್ನಡದ ಒಂದು ನುಡಿ, ಇಂಗ್ಲಿಷಿನ ಒಂದು ನುಡಿ ಎಂದು ಜೊತೆಗಿಟ್ಟು ಓದಿಸಿದೆ. ಅನುವಾದದಲ್ಲಿ ಯಾವ ಪದ ಸೊರಗಿದೆ, ಯಾವುದು ಉಳಿದಿದೆ ಎಂದು ಅವರೇ ವಾದಕ್ಕಿಳಿದರು, ಗಂಟೆ ಹೊಡೆದರೂ ಏಳಲಿಲ್ಲ. ನಿಮ್ಮ ಮಗಳ ಗೈಡನ್ನು ಒಂದು ವಾರ ಎತ್ತಿಟ್ಟು, ಪದ್ಯವನ್ನು ದಿನಕ್ಕೆರಡು ಬಾರಿ ಗಟ್ಟಿಯಾಗಿ ಓದಲು ಹೇಳಿ. ತೊಡಕೆನಿಸಿದ ಪದಕ್ಕೆ ಅವಳು ಪೆನ್ಸಿಲಿನಲ್ಲಿ ಗೆರೆ ಎಳೆಯಲಿ, ಆ ಪುಟವನ್ನು ಹಿಡಿದುಕೊಂಡು ಅವಳ ಮೇಷ್ಟ್ರ ಹತ್ತಿರ ಹೋಗಲಿ.