ಗೈಡ್‌ಬುಕ್‌ನಲ್ಲಿ ‘ಪೂರ್ವ’ ಅಂದರೆ ಯಾರ ಪೂರ್ವ? ರಾಷ್ಟ್ರೀಯ ಉದ್ಯಾನಗಳ ಫೋಟೋಗೆ ನನ್ನ ಟಿಪ್ಪಣಿ

ಅಮೆರಿಕದ ಯೂಟಾ, ಅರಿಜೋನಾ, ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ಬಂದು ಒಂದು ವಾರ ಆಯಿತು. ಅಕ್ಕ, ಭಾವ, ನಾನು. ಹನ್ನೆರಡು ದಿನದ ರಜೆ. ಕೈಯಲ್ಲಿ ಒಂದು ಫೋಟೋ ಗೈಡ್‌ಬುಕ್. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು ಎಂದು ಹೇಳುವ ಪುಸ್ತಕ. ಅದನ್ನು ಓದುವುದು ಹೇಗೆ ಎಂದು ನನಗೆ ತಿಳಿದಿದ್ದು ಪ್ರವಾಸದ ಅರ್ಧ ದಾರಿಯಲ್ಲಿ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಹೊಸದಾಗಿ ಫೋಟೋ ಕಲಿಯುತ್ತಿರುವವರಿಗೂ ಉಪಯೋಗ ಆಗಬಹುದು.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಇಲ್ಲಿ ಜಾಸ್ತಿ ಬರೆದಿಲ್ಲ. ಟ್ರೈಪಾಡ್, ಅಪರ್ಚರ್ ಎಲ್ಲ ನಿಮಗೆ ಗೊತ್ತಿರುತ್ತದೆ. ಒಂದೇ ಮಾತು: ಪುಸ್ತಕದಲ್ಲಿ ‘24 ಎಂಎಂ ಲೆನ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅದು ಫುಲ್ ಫ್ರೇಮ್ ಕ್ಯಾಮೆರಾ ಲೆಕ್ಕ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ. ನಿಮ್ಮದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್ ಆಗಿದ್ದರೆ ಸುಮಾರು 1.5ರಿಂದ ಭಾಗಿಸಿ. 24 ಅಂದರೆ 16.

ನಾನು ಎಡವಿದ ಜಾಗ

ಬ್ರೈಸ್ ಕ್ಯಾನ್ಯನ್‌ನಲ್ಲಿ ಸನ್‌ಸೆಟ್ ಪಾಯಿಂಟ್ ಎಂಬ ಜಾಗವಿದೆ. ಕೆಳಗೆ ದೊಡ್ಡ ಬಟ್ಟಲಿನ ಹಾಗೆ ಕಣಿವೆ. ಅದರ ತುಂಬ ಕಿತ್ತಳೆ ಬಣ್ಣದ ಕಲ್ಲಿನ ಕಂಬಗಳು. ಅವನ್ನು ಹೂಡೂ ಎನ್ನುತ್ತಾರೆ. ‘ಪೂರ್ವಕ್ಕೆ ತೆರೆದ ಬಟ್ಟಲು’ ಎಂದು ಪುಸ್ತಕದಲ್ಲಿತ್ತು. ನಾನು ಹೀಗೆ ಲೆಕ್ಕ ಹಾಕಿದೆ: ನಾನು ಪೂರ್ವಕ್ಕೆ ನೋಡಬೇಕು. ಸಂಜೆ ಸೂರ್ಯ ಪಶ್ಚಿಮದಲ್ಲಿ, ಅಂದರೆ ನನ್ನ ಬೆನ್ನ ಹಿಂದೆ. ಬೆಳಕು ಬೆನ್ನಿಂದ ಬಂದು ಎದುರಿನ ಕಲ್ಲಿನ ಮೇಲೆ ಬೀಳುತ್ತದೆ. ಜಾಗದ ಹೆಸರೂ ಸನ್‌ಸೆಟ್. ಸರಿ, ಸಂಜೆಯೇ ಹೋಗೋಣ.

ಹೋದೆವು. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಆಗಲೇ ಬಟ್ಟಲು ಪೂರ್ತಿ ನೆರಳಿನಲ್ಲಿತ್ತು. ದೂರದ ಗುಡ್ಡಗಳ ಮೇಲೆ ಮಾತ್ರ ಹೊಂಬಿಸಿಲು. ಹತ್ತಿರದ ಕಂಬಗಳು ತಣ್ಣಗೆ, ನೀಲಿ ನೀಲಿ. ‘ಏನೇ ಇದು, ಬೆಳಕೇ ಇಲ್ವಲ್ಲ?’ ಎಂದಳು ಅಕ್ಕ. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ಸರಿಯಾಗೇ ಇತ್ತಲ್ಲ ಅನ್ನಿಸುತ್ತಿತ್ತು. ರಾತ್ರಿ ರೂಮಿನಲ್ಲಿ ಕೂತು ಪುಸ್ತಕದ ಉಳಿದ ಜಾಗಗಳನ್ನೆಲ್ಲ ಕಾಗದದ ಮೇಲೆ ಬಾಣ ಹಾಕಿ ನೋಡಿದೆ. ಆಗ ಗೊತ್ತಾಯಿತು, ನಾನು ಎರಡು ಪ್ರಶ್ನೆ ಕೇಳಿ ನಿಲ್ಲಿಸಿದ್ದೆ. ಮೂರನೆಯದೂ ಒಂದಿದೆ.

ಮೊದಲನೆಯದು: ಬಂಡೆಯ ಮುಖ ಯಾವ ಕಡೆ?

ಎರಡನೆಯದು: ನನ್ನ ಮುಖ ಯಾವ ಕಡೆ?

ಮೂರನೆಯದು: ಸೂರ್ಯನಿಗೂ ಬಂಡೆಗೂ ನಡುವೆ ಏನು ಅಡ್ಡ ನಿಂತಿದೆ?

ಸುಲಭದ ಉದಾಹರಣೆಯಿಂದ ಶುರು ಮಾಡೋಣ. ಗ್ರ್ಯಾಂಡ್ ಟೀಟನ್ ಉದ್ಯಾನದ ಬೆಟ್ಟಸಾಲು. ಪುಸ್ತಕದಲ್ಲಿ ‘ಪೂರ್ವಮುಖ’ ಎಂದಿರುತ್ತದೆ. ಇದು ಬೆಟ್ಟದ ಮುಖ. ಅದನ್ನು ನೋಡಬೇಕಾದರೆ ನಾನು ಅದರ ಪೂರ್ವಕ್ಕೆ ನಿಂತು ಪಶ್ಚಿಮಕ್ಕೆ ನೋಡಬೇಕು. ಇಬ್ಬರು ಎದುರುಬದುರು ನಿಂತು ಮಾತಾಡುವ ಹಾಗೆ. ಒಬ್ಬರ ಮುಖ ಪೂರ್ವಕ್ಕಿದ್ದರೆ ಇನ್ನೊಬ್ಬರದು ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ನನ್ನ ಬೆನ್ನ ಹಿಂದೆ, ನಡುವೆ ಬಯಲು, ಅಡ್ಡ ಏನೂ ಇಲ್ಲ. ಆದ್ದರಿಂದ ಬೆಳಿಗ್ಗೆ. ಅಲ್ಲಿನ ಹೆಸರಾದ ಫೋಟೋ ಜಾಗಗಳಾದ ಆಕ್ಸ್‌ಬೋ ಬೆಂಡ್, ಶ್ವಾಬಾಕರ್ ಲ್ಯಾಂಡಿಂಗ್ ಎರಡಕ್ಕೂ ಮುಂಜಾನೆಯನ್ನೇ ಹೇಳುವುದು ಇದಕ್ಕೇ.

ಈಗ ಯೊಸೆಮಿಟಿಯ ಟನಲ್ ವ್ಯೂ. ಇಲ್ಲಿ ನಾನು ಪೂರ್ವಕ್ಕೆ ನೋಡುತ್ತೇನೆ. ಎಡಕ್ಕೆ ಎಲ್ ಕ್ಯಾಪಿಟನ್ ಎಂಬ ದೊಡ್ಡ ಬಂಡೆ, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ದೂರದಲ್ಲಿ ಹಾಫ್ ಡೋಮ್ ಎಂಬ ಇನ್ನೊಂದು ಬಂಡೆ. ನನಗೆ ಕಾಣುವುದು ಬಂಡೆಗಳ ಪಶ್ಚಿಮದ ಕಡೆ. ಸಂಜೆ ಅಲ್ಲಿಗೆ ಬೆಳಕು ಬೀಳುತ್ತದೆ. ಬೆಳಿಗ್ಗೆ ಹೋದರೆ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ.

ಬ್ರೈಸ್‌ನಲ್ಲೂ ನಾನು ಪೂರ್ವಕ್ಕೇ ನೋಡುತ್ತಿದ್ದೆ. ಟನಲ್ ವ್ಯೂಗೆ ಸಂಜೆ ಆಗುತ್ತದೆ, ಬ್ರೈಸ್‌ಗೆ ಯಾಕೆ ಆಗುವುದಿಲ್ಲ? ನನ್ನ ತಲೆ ಕೆಟ್ಟದ್ದು ಇಲ್ಲಿಯೇ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಟನಲ್ ವ್ಯೂನಲ್ಲಿ ಬಂಡೆಗಳು ನನಗಿಂತ ಎಷ್ಟೋ ಎತ್ತರ. ನನ್ನ ಹಿಂದಿನ ಗುಡ್ಡದ ನೆರಳು ಅವುಗಳ ತಲೆಯವರೆಗೆ ಏರಲು ತುಂಬ ಹೊತ್ತು ಬೇಕು. ಬ್ರೈಸ್‌ನಲ್ಲಿ ಕಲ್ಲಿನ ಕಂಬಗಳು ನನ್ನ ಕಾಲ ಕೆಳಗಿವೆ. ನಾನು ನಿಂತಿರುವುದು ಬಟ್ಟಲಿನ ಪಶ್ಚಿಮದ ಅಂಚಿನ ಮೇಲೆ. ಸೂರ್ಯ ಇಳಿದಂತೆ ಆ ಅಂಚಿನ ನೆರಳೇ ಕಂಬಗಳ ಮೇಲೆ ಚಾಚುತ್ತದೆ. ಅಡ್ಡ ನಿಂತದ್ದು ನನ್ನ ಕಾಲ ಕೆಳಗಿನ ನೆಲವೇ! ಮನೆಯ ಪೂರ್ವದ ಅಂಗಳ ನೆನಪಿಸಿಕೊಳ್ಳಿ. ಸಂಜೆ ಮನೆಯ ನೆರಳೇ ಅಂಗಳಕ್ಕೆ ಬೀಳುತ್ತದೆ ಅಲ್ವಾ? ತಾರಸಿಯ ಮೇಲೆ ನಿಂತು ಅಂಗಳ ನೋಡುವವರಿಗೆ ಬೆನ್ನ ಮೇಲೆ ಬಿಸಿಲು, ಅಂಗಳದಲ್ಲಿ ನೆರಳು. ಅದೇ ಇದು.

ಬೆಳಿಗ್ಗೆ ಅದೇ ಜಾಗಕ್ಕೆ ಮತ್ತೆ ಹೋದೆವು. ಸುಮಾರು 2,400 ಮೀಟರ್ ಎತ್ತರ, ಸೆಪ್ಟೆಂಬರ್ ಕೊನೆ. ಬೆರಳು ಮರಗಟ್ಟುವ ಚಳಿ. ಈಗ ಸೂರ್ಯ ನಮ್ಮ ಎದುರಿಗೆ. ಎದುರು ಬೆಳಕಿನಲ್ಲಿ ಕಂಬಗಳು ಕಪ್ಪಾಗಿ ಕಾಣಬೇಕಿತ್ತು. ಹಾಗಾಗಲಿಲ್ಲ. ಒಂದು ಕಂಬದ ಮೇಲೆ ಬಿದ್ದ ಬಿಸಿಲು ಪಕ್ಕದ ಕಂಬದ ನೆರಳಿನ ಕಡೆಗೆ ಚಿಮ್ಮುತ್ತದೆ. ಕಿತ್ತಳೆ ಕಲ್ಲಿಗೆ ತಾಗಿ ಬಂದ ಬೆಳಕು ಕಿತ್ತಳೆಯೇ ಆಗಿರುತ್ತದೆ. ಥಾರ್ಸ್ ಹ್ಯಾಮರ್ ಎಂಬ ಕಂಬ ಇದೆ, ಸುತ್ತಿಗೆ ಆಕಾರದ್ದು. ಅದರ ನೆರಳಿನ ಬದಿ ಒಳಗೆ ಕೆಂಡ ಇಟ್ಟ ಹಾಗೆ ಹೊಳೆಯುತ್ತಿತ್ತು. ಅಕ್ಕ ಫೋನನ್ನೂ ತೆಗೆಯದೆ ಸುಮ್ನೆ ನೋಡುತ್ತಾ ನಿಂತುಬಿಟ್ಟಳು.

ಕ್ಯಾನ್ಯನ್‌ಲ್ಯಾಂಡ್ಸ್‌ನ ಮೆಸಾ ಆರ್ಚ್ ಕೂಡ ಇದೇ ಲೆಕ್ಕ. ಪ್ರಪಾತದ ಅಂಚಿನಲ್ಲಿ ಒಂದು ಕಲ್ಲಿನ ಕಮಾನು. ಅದರ ಮೂಲಕ ಪೂರ್ವಕ್ಕೆ, ಸೂರ್ಯನ ಕಡೆಗೇ ನೋಡುತ್ತೇವೆ. ಆದರೂ ಕಮಾನಿನ ಕೆಳಭಾಗ ಉರಿಯುವ ಕೆಂಪಾಗುತ್ತದೆ. ಕೆಳಗಿನ ಬಂಡೆಗೋಡೆಗೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಕಮಾನಿನ ಹೊಟ್ಟೆಗೆ ತಾಗುತ್ತದೆ. ಪ್ರವಾಸದ ಶುರುವಿನಲ್ಲೇ ಈ ಫೋಟೋ ಸಿಕ್ಕಿತ್ತು. ಕಾರಣ ಮಾತ್ರ ಬ್ರೈಸ್ ನಂತರ ತಿಳಿಯಿತು.

ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್, ಅಂದರೆ ದಕ್ಷಿಣದ ಅಂಚು, ಬೇರೆ ಥರ. ಅಲ್ಲಿ ನಾವು ಹೆಚ್ಚಾಗಿ ಉತ್ತರಕ್ಕೆ ನೋಡುತ್ತೇವೆ. ಬೆಳಿಗ್ಗೆ ಬಲದಿಂದ, ಸಂಜೆ ಎಡದಿಂದ ಪಕ್ಕದ ಬೆಳಕು. ಎರಡೂ ಹೊತ್ತು ಚೆನ್ನ. ನಡುಮಧ್ಯಾಹ್ನ ಆಳವೇ ಕಾಣದೆ ಚಪ್ಪಟೆ ಅನ್ನಿಸುತ್ತದೆ.

ಮುಷ್ಟಿ ಅಳತೆ

ಮೂರನೆಯ ಪ್ರಶ್ನೆಗೆ ಆ್ಯಪ್ ಬೇಡ, ಕೈ ಸಾಕು. ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಕಣ್ಣಿಗೆ ಸುಮಾರು 10 ಡಿಗ್ರಿ. ಕೈ ದೊಡ್ಡದಿದ್ದವರಿಗೆ ತೋಳೂ ಉದ್ದ ಇರುವುದರಿಂದ ಅಳತೆ ಹೆಚ್ಚು ಕಡಿಮೆ ಎಲ್ಲರಿಗೂ ಒಂದೇ. ಬೇಕಾದರೆ ಪರೀಕ್ಷೆ ಮಾಡಿ: ಕಣ್ಣಿನ ಮಟ್ಟದಿಂದ ಮುಷ್ಟಿ ಮೇಲೆ ಮುಷ್ಟಿ ಇಡುತ್ತಾ ಹೋದರೆ ನೆತ್ತಿ ತಲುಪಲು ಒಂಬತ್ತು ಮುಷ್ಟಿ ಬೇಕು.

ಇದರಿಂದ ಎರಡು ಲೆಕ್ಕ ಆಗುತ್ತದೆ.

ಮೊದಲನೆಯದು ಎತ್ತರದ್ದು. ಯೂಟಾ ಉದ್ಯಾನಗಳ ಅಕ್ಷಾಂಶ ಸುಮಾರು 37ರಿಂದ 38 ಡಿಗ್ರಿ. ಅಲ್ಲಿ ಸೂರ್ಯ ಒಂದು ಮುಷ್ಟಿ ಏರಲು ಅಥವಾ ಇಳಿಯಲು 50 ನಿಮಿಷದಿಂದ ಒಂದು ಗಂಟೆ. ಪಟ್ಟಿಯಲ್ಲಿ ಕೊಟ್ಟಿರುವ ಸೂರ್ಯೋದಯದ ಸಮಯ ಸಪಾಟು ದಿಗಂತದ್ದು. ಕಣಿವೆಯ ತಳಕ್ಕೆ ಅದು ಅನ್ವಯಿಸುವುದಿಲ್ಲ. ಜಯಾನ್ ಉದ್ಯಾನದಲ್ಲಿ ಕಣಿವೆಯ ತಳದಲ್ಲಿ ನಿಂತು ಪೂರ್ವದ ಗೋಡೆ ಅಳೆದೆ. ಮುಷ್ಟಿಯ ತಳ ಕಣ್ಣಿನ ಮಟ್ಟಕ್ಕೆ ಇಟ್ಟುಕೊಂಡು ಎಣಿಸಿದರೆ ಮೂರು. ಮೂರು ಮುಷ್ಟಿ ಅಂದರೆ ಸೂರ್ಯೋದಯದ ನಂತರ ಸುಮಾರು ಎರಡೂವರೆ ಗಂಟೆ ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ. ಕತ್ತಲಲ್ಲಿ ಎದ್ದು ಅಲ್ಲಿಗೆ ಓಡುವ ಅಗತ್ಯವೇ ಇರಲಿಲ್ಲ. ಮೇಲಿನ ಶಿಖರಕ್ಕೆ ಬೆಳಕು ಮೊದಲು ಬರುತ್ತದೆ, ತಳಕ್ಕೆ ಕೊನೆಗೆ. ಪುಸ್ತಕದಲ್ಲಿ ‘ಬೆಳಿಗ್ಗೆ’ ಎಂದಿದ್ದರೆ ಯಾವುದರ ಬೆಳಿಗ್ಗೆ ಎಂದು ಕೇಳಿಕೊಳ್ಳಿ.

ಸಂಜೆಯೂ ಹೀಗೆ. ಸೂರ್ಯನಿಗೂ ಗುಡ್ಡದ ಅಂಚಿಗೂ ನಡುವೆ ಅರ್ಧ ಮುಷ್ಟಿ ಉಳಿದಿದ್ದರೆ ಅರ್ಧ ಗಂಟೆಗಿಂತ ಕಡಿಮೆ ಹೊತ್ತು ಇದೆ. ಅಳೆಯುವಾಗ ಸೂರ್ಯನನ್ನು ಕೈಯಿಂದ ಮರೆ ಮಾಡಿಕೊಳ್ಳಿ. ನೇರವಾಗಿ ನೋಡಬೇಡಿ. ಲೆನ್ಸ್ ಮೂಲಕವಂತೂ ಬೇಡವೇ ಬೇಡ.

ಎರಡನೆಯದು ಅಡ್ಡಡ್ಡ ಅಳತೆ. ಸೂರ್ಯ ವರ್ಷಕ್ಕೆ ಎರಡು ದಿನ ಮಾತ್ರ ಸರಿಯಾಗಿ ಪೂರ್ವದಲ್ಲಿ ಹುಟ್ಟುತ್ತಾನೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ಈ ಅಕ್ಷಾಂಶದಲ್ಲಿ ಜೂನ್ 21ರ ಹೊತ್ತಿಗೆ ಪೂರ್ವದಿಂದ ಎಡಕ್ಕೆ ಮೂರು ಮುಷ್ಟಿ, ಡಿಸೆಂಬರ್ 21ರ ಹೊತ್ತಿಗೆ ಬಲಕ್ಕೆ ಮೂರು ಮುಷ್ಟಿ. ಒಟ್ಟು ಆರು ಮುಷ್ಟಿ, 60 ಡಿಗ್ರಿ! ಪುಸ್ತಕದ ಫೋಟೋದಲ್ಲಿ ಕಮಾನಿನ ನಟ್ಟನಡುವೆ ಸೂರ್ಯ ಇದ್ದರೆ ಅದು ಯಾವ ತಿಂಗಳ ಫೋಟೋ ಎಂದು ಹುಡುಕಿ. ನಿಮ್ಮ ತಿಂಗಳಲ್ಲಿ ಸೂರ್ಯ ಕಮಾನಿನ ಹೊರಗೇ ಇರಬಹುದು.

ಪೂರ್ವ ಯಾವುದು ಎಂದು ಕಂಪಾಸ್‌ನಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಯೂಟಾದಲ್ಲಿ ಕಂಪಾಸ್ ಮುಳ್ಳು ನಿಜವಾದ ಉತ್ತರದಿಂದ ಪೂರ್ವಕ್ಕೆ ಸುಮಾರು 10 ಡಿಗ್ರಿ ವಾಲಿರುತ್ತದೆ. ಸರಿಯಾಗಿ ಒಂದು ಮುಷ್ಟಿ. ಮುಳ್ಳಿನ ಪ್ರಕಾರ ಬಂದ ಡಿಗ್ರಿಗೆ 10 ಕೂಡಿಸಿ. ಫೋನಿನ ಕಂಪಾಸ್‌ನಲ್ಲಿ ‘ನಿಜ ಉತ್ತರ’ ಆಯ್ಕೆ ಮಾಡಿಕೊಂಡರೆ ಈ ತಾಪತ್ರಯ ಇಲ್ಲ.

ಈ ಅಡ್ಡ ಅಳತೆಯಿಂದ ಯೊಸೆಮಿಟಿಯ ಹಾರ್ಸ್‌ಟೇಲ್ ಜಲಪಾತವೂ ನನಗೆ ಅರ್ಥವಾಯಿತು. ಎಲ್ ಕ್ಯಾಪಿಟನ್‌ನ ಪೂರ್ವದ ಅಂಚಿನಿಂದ ಬೀಳುವ ಸಣ್ಣ ಜಲಪಾತ ಅದು. ಫೆಬ್ರವರಿ ಎರಡನೇ ಭಾಗದಲ್ಲಿ ಮುಳುಗುವ ಸೂರ್ಯನ ಬೆಳಕು ಬಿದ್ದು ಬೆಂಕಿಯ ಹೊಳೆಯಂತೆ ಕಾಣುತ್ತದೆ. ಫೆಬ್ರವರಿ 20 ಅಂದರೆ ಡಿಸೆಂಬರ್ 21ರಿಂದ ಎರಡು ತಿಂಗಳು ಆಚೆ. ಎರಡು ತಿಂಗಳು ಈಚೆ, ಅಕ್ಟೋಬರ್ 20ರ ಸುಮಾರಿಗೂ ಸೂರ್ಯ ಮುಳುಗುವುದು ಅದೇ ದಿಕ್ಕಿನಲ್ಲಿ. ಆಗ ಯಾಕೆ ಯಾರೂ ಹೋಗುವುದಿಲ್ಲ? ನೀರಿರುವುದಿಲ್ಲ. ಹಿಮ ಕರಗಿದರೆ ತಾನೇ ಜಲಪಾತ. ಬೆಳಕಿನ ಕೋನ, ನೀರು, ಮೋಡವಿಲ್ಲದ ಪಶ್ಚಿಮ, ಮೂರೂ ಕೂಡಿ ಬರಬೇಕು.

ಗಡಿಯಾರ, ಋತು, ಮರ

ಪುಸ್ತಕದಲ್ಲಿ ‘6.30ಕ್ಕೆ ತಲುಪಿ’ ಎಂದಿದ್ದರೆ ಅದನ್ನು ‘ಸೂರ್ಯೋದಯಕ್ಕೆ ಇಷ್ಟು ನಿಮಿಷ ಮುಂಚೆ’ ಎಂದು ತಿದ್ದಿ ಬರೆದುಕೊಳ್ಳಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಯೂಟಾದಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಅರಿಜೋನಾದಲ್ಲಿ ಇಡುವುದಿಲ್ಲ. ಆದರೆ ಅದೇ ಅರಿಜೋನಾದೊಳಗಿನ ನವಾಹೋ ನೇಷನ್ ಎಂಬ ಮೂಲನಿವಾಸಿಗಳ ಪ್ರದೇಶದಲ್ಲಿ ಇಡುತ್ತಾರೆ. ಜಯಾನ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಬಂದ ದಿನ ಫೋನು ತಾನೇ ಬದಲಾಯಿತು, ಕಾರಿನ ಗಡಿಯಾರ ಬದಲಾಗಲಿಲ್ಲ. ಭಾವ ಕಾರಿನದನ್ನೇ ನೋಡಿ ‘ತಡವಾಯ್ತು, ಬೇಗ ಹೊರಡಿ’ ಎಂದು ಎಲ್ಲರನ್ನೂ ಎಬ್ಬಿಸಿದರು. ಕತ್ತಲಲ್ಲಿ ಒಂದು ಗಂಟೆ ಜಾಸ್ತಿ ಕಾದೆವು. ನಕ್ಷತ್ರಗಳು ಮಾತ್ರ ಬಹಳ ಚೆನ್ನಾಗಿ ಕಂಡವು.

ಗ್ರ್ಯಾಂಡ್ ಕ್ಯಾನ್ಯನ್‌ನ ಹೋಪಿ ಪಾಯಿಂಟ್ ಸೂರ್ಯಾಸ್ತಕ್ಕೆ ಹೆಸರಾದ ಜಾಗ. ಮಾರ್ಚ್ 1ರಿಂದ ನವೆಂಬರ್ 30ರವರೆಗೆ ಆ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ, ಉದ್ಯಾನದ ಬಸ್ಸಿನಲ್ಲೇ ಹೋಗಬೇಕು. ವಾಪಸ್ ಬರುವ ಕೊನೆಯ ಬಸ್ಸಿನ ಸಮಯವನ್ನು ಹೋಗುವ ಮೊದಲೇ ನೋಡಿಟ್ಟುಕೊಳ್ಳಿ.

ಋತುವಿನ ಪಾಠ ಟನಲ್ ವ್ಯೂನಲ್ಲಿ ಸಿಕ್ಕಿತು. ಪುಸ್ತಕದ ಚಿತ್ರದಲ್ಲಿ ಬ್ರೈಡಲ್‌ವೇಲ್ ಭೋರ್ಗರೆಯುತ್ತಿತ್ತು. ನಾವು ಕಂಡದ್ದು ದಾರದ ಎಳೆಯಷ್ಟು ನೀರು. ಜಲಪಾತ ಬೇಕಾದವರು ಮೇ, ಜೂನ್‌ನಲ್ಲಿ ಹೋಗಬೇಕು.

ಪುಸ್ತಕ ಹಳೆಯದಾದರೆ ಜಾಗವೂ ಬದಲಾಗಿರುತ್ತದೆ. ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆ್ಯಡಮ್ಸ್ 1942ರಲ್ಲಿ ಟೀಟನ್‌ನಲ್ಲಿ ತೆಗೆದ ಸ್ನೇಕ್ ನದಿಯ ಫೋಟೋ ನೋಡಿರುತ್ತೀರಿ. ನದಿಯ ತಿರುವು ಬೆಳ್ಳಿಯಂತೆ ಹೊಳೆಯುತ್ತದೆ. ಇವತ್ತು ಅದೇ ವ್ಯೂಪಾಯಿಂಟ್‌ನಲ್ಲಿ ನಿಂತರೆ ಬೆಳೆದ ಮರಗಳು ನದಿಯ ಬಹುಭಾಗವನ್ನು ಮುಚ್ಚಿವೆ.

‘ಮುಂಜಾನೆ, ಸಂಜೆ ಮಾತ್ರ ಫೋಟೋ’ ಎನ್ನುವುದೂ ಎಲ್ಲ ಕಡೆ ನಡೆಯುವುದಿಲ್ಲ. ಯೆಲ್ಲೋಸ್ಟೋನ್‌ನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರಿನ ಬುಗ್ಗೆಗೆ ಚಳಿಯ ಮುಂಜಾನೆ ಹೋದರೆ ಬರೀ ಹಬೆ ಕಾಣುತ್ತದೆ. ಬಿಸಿಲೇರಿ ಗಾಳಿ ಬೆಚ್ಚಗಾದ ಮೇಲೆ ಹಬೆ ಕಡಿಮೆಯಾಗಿ ನೀಲಿ, ಹಳದಿ, ಕಿತ್ತಳೆ ಬಣ್ಣಗಳು ಎದ್ದು ಕಾಣುತ್ತವೆ. ಅದಕ್ಕೆ ನಡುಹಗಲೇ ಸರಿ.

ನಿಯಮಗಳು: 2014ರಿಂದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವಂತಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ಕರಡಿ, ತೋಳ, ಕೂಗರ್ (ಬೆಟ್ಟದ ಸಿಂಹ)ಗಳಿಂದ 100 ಗಜ, ಉಳಿದ ಪ್ರಾಣಿಗಳಿಂದ 25 ಗಜ ದೂರ ಇರಬೇಕು.

ಒಂದು ಅಭ್ಯಾಸ

ಈಗ ಪ್ರತಿ ಜಾಗದ ಪಕ್ಕ ಪೆನ್ಸಿಲ್‌ನಲ್ಲಿ ಮೂರು ಪದ ಬರೆಯುತ್ತೇನೆ. ಬಂಡೆ, ನಾನು, ಅಡ್ಡ. ಬ್ರೈಸ್‌ಗೆ ‘ಪೂರ್ವ, ಪೂರ್ವ, ನನ್ನದೇ ಅಂಚು’ ಎಂದು ಬರೆದಿದ್ದೇನೆ. ಟೀಟನ್‌ಗೆ ‘ಪೂರ್ವ, ಪಶ್ಚಿಮ, ಏನೂ ಇಲ್ಲ’.

ನೀವೂ ಒಂದನ್ನು ಮಾಡಿ ನೋಡಿ. ನಾನಿನ್ನೂ ಹೋಗದ ಜಾಗ, ಡೆತ್ ವ್ಯಾಲಿಯ ಝಬ್ರಿಸ್ಕೀ ಪಾಯಿಂಟ್. ಅಲ್ಲಿ ನಾವು ಪಶ್ಚಿಮಕ್ಕೆ ನೋಡುತ್ತೇವೆ. ಎದುರಿಗೆ ಮ್ಯಾನ್ಲಿ ಬೀಕನ್ ಎಂಬ ಚೂಪು ಶಿಖರ, ಕಣಿವೆಯಾಚೆ ದೂರದಲ್ಲಿ ಎತ್ತರದ ಪಾನಮಿಂಟ್ ಬೆಟ್ಟಸಾಲು. ಯಾವ ಹೊತ್ತಿಗೆ ಹೋಗಬೇಕು? ಬೆಳಕು ಮೊದಲು ಎಲ್ಲಿಗೆ ಬೀಳುತ್ತದೆ?

ಉತ್ತರ: ಸೂರ್ಯೋದಯಕ್ಕೆ. ಕಾಣುವುದು ಬಂಡೆಗಳ ಪೂರ್ವದ ಮುಖ, ಸೂರ್ಯ ಬೆನ್ನ ಹಿಂದೆ. ಎತ್ತರ ಇರುವುದರಿಂದ ಮೊದಲು ಪಾನಮಿಂಟ್‌ನ ನೆತ್ತಿ ಗುಲಾಬಿಯಾಗುತ್ತದೆ. ಬೆಳಕು ನಿಧಾನವಾಗಿ ಕೆಳಗಿಳಿದು ಆಮೇಲೆ ಮ್ಯಾನ್ಲಿ ಬೀಕನ್‌ಗೆ ಬರುತ್ತದೆ. ಆದ್ದರಿಂದ ಪಟ್ಟಿಯ ಸಮಯಕ್ಕಿಂತ ಮುಂಚೆಯೇ ಟ್ರೈಪಾಡ್ ನಿಲ್ಲಿಸಿ, ಗುಲಾಬಿ ಬಂದು ಹೋದ ಮೇಲೂ ಮಡಚಬೇಡಿ.