1ನೇ ಸ್ಥಾನಕ್ಕೂ 10ನೇ ಸ್ಥಾನಕ್ಕೂ ಎಷ್ಟು ಅಂತರ? ಸರ್ಚ್ ರ‍್ಯಾಂಕ್ ಮತ್ತು ಟ್ರಾಫಿಕ್ ಬಗ್ಗೆ ಟಿಪ್ಪಣಿ

ಸರ್ಚ್ ಫಲಿತಾಂಶದಲ್ಲಿ ಪುಟಗಳ ಸ್ಥಾನ ಹೇಗೆ ಕೆಲಸ ಮಾಡುತ್ತದೆ ಅಂತ ನಾನು ಕಲಿಯಲು ಶುರು ಮಾಡಿದ ಹೊಸತರಲ್ಲಿ ಕೆಲವು ಪದಗಳ ಹುಡುಕಾಟಕ್ಕೆ ನನ್ನದೊಂದು ವೆಬ್ ಪುಟ ಗೂಗಲ್‌ನಲ್ಲಿ 1ನೇ ಸ್ಥಾನಕ್ಕೆ ಬಂತು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆಲ್ಲ ಕಳಿಸಿದ್ದೆ. ತಿಂಗಳ ಕೊನೆಗೆ ನೋಡಿದರೆ ಆ ಪುಟಕ್ಕೆ ಬಂದಿದ್ದು 11 ಕ್ಲಿಕ್. ಆ ಪದಗಳನ್ನು ತಿಂಗಳಿಡೀ ಹುಡುಕುವವರೇ ಮೂವತ್ತು ಚಿಲ್ಲರೆ ಮಂದಿ! ಅದೇ ಹೊತ್ತಿಗೆ 7ನೇ ಸ್ಥಾನದಲ್ಲಿ ಸುಮ್ನೆ ಬಿದ್ದಿದ್ದ ಇನ್ನೊಂದು ಪುಟಕ್ಕೆ ಇದರ ಇಪ್ಪತ್ತು ಪಟ್ಟು ಜನ ಬಂದಿದ್ದರು. ಅದನ್ನು ನಾನು ತೆರೆದೂ ನೋಡಿರಲಿಲ್ಲ.

ಹಾಗಾಗಿ ಮೊದಲು ಈ ಲೆಕ್ಕ ಬರೆದುಕೊಳ್ಳಿ. ಜನ ಹುಡುಕಲು ಬರೆಯುವ ಪದಗಳಿಗೆ ಕೀವರ್ಡ್, ತಾಣಕ್ಕೆ ಬರುವ ಜನರಿಗೆ ಟ್ರಾಫಿಕ್ ಅನ್ನುತ್ತಾರೆ. ಒಂದು ಕೀವರ್ಡ್‌ನಿಂದ ಬರುವ ಟ್ರಾಫಿಕ್ = ಅದನ್ನು ಎಷ್ಟು ಸಲ ಹುಡುಕುತ್ತಾರೆ × ನಿಮ್ಮ ಸ್ಥಾನದಲ್ಲಿರುವ ಲಿಂಕನ್ನು ನೂರಕ್ಕೆ ಎಷ್ಟು ಸಲ ಒತ್ತುತ್ತಾರೆ. ಎರಡನೆಯದಕ್ಕೆ ಸಿಟಿಆರ್ (ಕ್ಲಿಕ್ ಥ್ರೂ ರೇಟ್) ಅನ್ನುತ್ತಾರೆ. ರ‍್ಯಾಂಕ್ ಬದಲಾದರೆ ಬದಲಾಗುವುದು ಈ ಎರಡನೇ ಸಂಖ್ಯೆ ಮಾತ್ರ. ಮೊದಲನೆಯದು ಸೊನ್ನೆಗೆ ಹತ್ತಿರ ಇದ್ದರೆ 1ನೇ ಸ್ಥಾನದಲ್ಲಿ ಕೂತೂ ಪ್ರಯೋಜನ ಇಲ್ಲ.

ಇಳಿಜಾರು ಎಷ್ಟು ಕಡಿದು?

ಇದಕ್ಕೆ ಹಳೆಯ, ಆದರೆ ಇವತ್ತಿಗೂ ಕಲಿಯಲು ಒಳ್ಳೆಯ ದಾಖಲೆ ಅಂದರೆ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿಯದು. 2006ರ ಆಗಸ್ಟ್‌ನಲ್ಲಿ ಅದು ಸಂಶೋಧಕರಿಗೆ ಅನುಕೂಲವಾಗಲಿ ಅಂತ ಸುಮಾರು 6.5 ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಹಿರಂಗ ಮಾಡಿತು. ಹೆಸರು ತೆಗೆದು ನಂಬರ್ ಕೊಟ್ಟಿದ್ದರೂ ಹುಡುಕಿದ ಪದಗಳಿಂದಲೇ ಕೆಲವರು ಯಾರು ಅಂತ ಗೊತ್ತಾಗಿಬಿಟ್ಟಿತು. ದೊಡ್ಡ ಗಲಾಟೆಯಾಗಿ ಕೆಲವೇ ದಿನಗಳಲ್ಲಿ ಕಡತ ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಅದು ಎಲ್ಲ ಕಡೆ ಹರಡಿತ್ತು.

ಅದರಲ್ಲಿ ಕಂಡ ಲೆಕ್ಕ ಹೀಗಿತ್ತು. ಬಿದ್ದ ಒಟ್ಟು ಕ್ಲಿಕ್‌ಗಳಲ್ಲಿ 1ನೇ ಸ್ಥಾನಕ್ಕೆ ಸುಮಾರು 42%. 2ನೇ ಸ್ಥಾನಕ್ಕೆ 12%. 3ನೆಯದಕ್ಕೆ 8.5%, 4ಕ್ಕೆ 6%, 5ಕ್ಕೆ 5%. ಅಲ್ಲಿಂದ ಕೆಳಗೆ ಹೆಚ್ಚುಕಮ್ಮಿ ಸಮತಟ್ಟು: 7ಕ್ಕೆ 3.4%, 10ಕ್ಕೆ 3%. ತಮಾಷೆ ಅಂದರೆ 10ನೇ ಸ್ಥಾನಕ್ಕೆ 9ನೆಯದಕ್ಕಿಂತ ಚೂರು ಜಾಸ್ತಿ. ಪುಟದ ತುದಿಗೆ ಬಂದ ಮೇಲೆ ಕಣ್ಣು ಅಲ್ಲೊಂದಿಷ್ಟು ಹೊತ್ತು ನಿಲ್ಲುತ್ತದೆ ಅಂತ ನನ್ನ ಊಹೆ. ಫಲಿತಾಂಶಗಳ ಮೊದಲ ಪುಟವೊಂದೇ ಸುಮಾರು 90% ಕ್ಲಿಕ್ ನುಂಗಿತ್ತು.

ಈ ಅಂಕಿಗಳನ್ನು ಒಮ್ಮೆ ಗ್ರಾಫ್ ಹಾಳೆಯ ಮೇಲೆ ಕೈಯಾರೆ ಬರೆದು ನೋಡಿ. ನಾವು ಮನಸ್ಸಿನಲ್ಲಿ ಮೆಟ್ಟಿಲು ಅಂದುಕೊಂಡಿರುತ್ತೇವೆ, ಒಂದೊಂದು ಹೆಜ್ಜೆಗೂ ಒಂದೇ ಎತ್ತರ ಅಂತ. ಆದರೆ ಅಲ್ಲಿ ಕಾಣುವುದು ಬಂಡೆಯ ಅಂಚು, ಅದರ ಕೆಳಗೆ ಬಯಲು. 10ರಿಂದ 7ಕ್ಕೆ ಮೂರು ಸ್ಥಾನ ಹತ್ತಿದರೆ ಸಿಗುವುದು ಅರ್ಧ ಶೇಕಡಾಕ್ಕಿಂತ ಕಮ್ಮಿ. 5ರಿಂದ 2ಕ್ಕೆ ಅದೇ ಮೂರು ಸ್ಥಾನ ಹತ್ತಿದರೆ 7 ಶೇಕಡಾಂಶ.

ಹೊಸ ಲೆಕ್ಕಗಳೂ ಇವೆ. ಬ್ಯಾಕ್‌ಲಿಂಕೋ ಎಂಬ ತಾಣ ಗೂಗಲ್‌ನ ಸುಮಾರು 40 ಲಕ್ಷ ಫಲಿತಾಂಶಗಳನ್ನು ನೋಡಿ 1ನೇ ಸ್ಥಾನದ ಸಿಟಿಆರ್ 27.6% ಎಂದಿತು. ಮೇಲಿನ ಮೂರಕ್ಕೇ ಅರ್ಧಕ್ಕಿಂತ ಜಾಸ್ತಿ ಕ್ಲಿಕ್. ಎರಡನೇ ಪುಟದಲ್ಲಿ ಏನನ್ನಾದರೂ ಒತ್ತುವವರು 100ಕ್ಕೆ ಒಬ್ಬರೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ. 42 ಮತ್ತು 27.6ನ್ನು ಪಕ್ಕಪಕ್ಕ ಇಟ್ಟು "ಹದಿನೈದು ವರ್ಷದಲ್ಲಿ ಇಷ್ಟು ಕುಸಿದಿದೆ" ಅಂತ ಬರೆಯಬೇಡಿ. ಮೊದಲನೆಯದು ಬಿದ್ದ ಕ್ಲಿಕ್‌ಗಳಲ್ಲಿ ಪಾಲು. ಎರಡನೆಯದು ಕಣ್ಣಿಗೆ ಬಿದ್ದ ಸಲಗಳಲ್ಲಿ ಪಾಲು. ಭಾಗಿಸುವ ಸಂಖ್ಯೆಯೇ ಬೇರೆ. ಎಒಎಲ್ ಕಡತದ 3.6 ಕೋಟಿ ಸಾಲುಗಳಲ್ಲಿ ಕ್ಲಿಕ್ ಇದ್ದಿದ್ದು 1.9 ಕೋಟಿಯಲ್ಲಿ ಮಾತ್ರ. ಉಳಿದವುಗಳಲ್ಲಿ ಯಾವ ಫಲಿತಾಂಶವನ್ನೂ ಒತ್ತಿರಲಿಲ್ಲ.

ಒಳ್ಳೆಯದು ಅಂತ ಒತ್ತುತ್ತಾರಾ, ಮೇಲಿದೆ ಅಂತ ಒತ್ತುತ್ತಾರಾ?

ಜಾಣ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. 1ನೇ ಸ್ಥಾನದಲ್ಲಿರುವುದು ಸಾಮಾನ್ಯವಾಗಿ ಒಳ್ಳೆಯ ಪುಟವೇ ಅಲ್ವಾ? ಹಾಗಾದರೆ ಜನ ಅದನ್ನು ಒತ್ತುವುದು ಅದರ ಗುಣಕ್ಕೆ ಇರಬಹುದು, ಜಾಗಕ್ಕೆ ಯಾಕೆ ಅನ್ನಬೇಕು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಥಾರ್ಸ್ಟನ್ ಜೋಕಿಮ್ಸ್ ಮತ್ತು ಸಂಗಡಿಗರ ಆ ಲೇಖನ 2005ರಲ್ಲಿ ಬಂತು. ವಿದ್ಯಾರ್ಥಿಗಳನ್ನು ಕೂರಿಸಿ, ಅವರ ಕಣ್ಣು ಪರದೆಯ ಮೇಲೆ ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಯಂತ್ರದಿಂದ ಗುರುತು ಹಾಕಿಕೊಂಡರು. ಕೆಲವರಿಗೆ ಗೂಗಲ್ ಫಲಿತಾಂಶ ಇದ್ದ ಹಾಗೇ ಕೊಟ್ಟರು. ಕೆಲವರಿಗೆ ಮೇಲಿನ ಎರಡನ್ನು ಅದಲುಬದಲು ಮಾಡಿದರು. ಇನ್ನು ಕೆಲವರಿಗೆ ಇಡೀ ಪಟ್ಟಿಯನ್ನೇ ತಲೆಕೆಳಗು ಮಾಡಿ ಕೊಟ್ಟರು. ಇದನ್ನು ಅವರಿಗೆ ಹೇಳಿರಲಿಲ್ಲ. ಮೇಲಿನ ಎರಡನ್ನು ಅದಲುಬದಲು ಮಾಡಿದಾಗಲೂ ಜನ ಜಾಸ್ತಿ ಒತ್ತಿದ್ದು ಮೇಲಿದ್ದದ್ದನ್ನೇ. ಪಟ್ಟಿ ತಲೆಕೆಳಗಾದಾಗ ಮಾತ್ರ ಸ್ವಲ್ಪ ಕೆಳಗಿನವರೆಗೂ ನೋಡಿದರು, ಆದರೂ ಮೇಲಿನದರ ಸೆಳೆತ ಪೂರ್ತಿ ಹೋಗಲಿಲ್ಲ.

ಅಂದರೆ ಎರಡೂ ಸೇರಿ ಕೆಲಸ ಮಾಡುತ್ತವೆ. ಜಾಗಕ್ಕೇ ಅಂತ ಒಂದು ಪಾಲು ಇದೆ. ಇದನ್ನು ಪೊಸಿಷನ್ ಬಯಾಸ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಈ ಪದ ಬಂದರೆ ಕಾರ್ನೆಲ್ ಪ್ರಯೋಗ ಬರೆಯಿರಿ, ಬರೀ ವ್ಯಾಖ್ಯೆ ಬರೆದು ಬಿಡಬೇಡಿ.

ಎಲ್ಲ ಹುಡುಕಾಟಕ್ಕೂ ಒಂದೇ ಇಳಿಜಾರಲ್ಲ

2002ರಲ್ಲಿ ಕಂಪ್ಯೂಟರ್ ವಿಜ್ಞಾನಿ ಆಂಡ್ರೆ ಬ್ರೋಡರ್ ಹುಡುಕಾಟಗಳನ್ನು ಮೂರು ಬಗೆ ಮಾಡಿದರು. ಒಂದು ನಿರ್ದಿಷ್ಟ ತಾಣಕ್ಕೆ ಹೋಗಲು ಹುಡುಕುವುದು, ಮಾಹಿತಿಗಾಗಿ ಹುಡುಕುವುದು, ಏನಾದರೂ ಕೆಲಸ ಮುಗಿಸಲು ಹುಡುಕುವುದು. "ಜಿಮೇಲ್ ಲಾಗಿನ್" ಅಂತ ಬರೆಯುವವರಿಗೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತು. ಅಲ್ಲಿ 2ನೇ ಸ್ಥಾನ ಸಿಕ್ಕರೂ ಒಂದೇ, 20ನೇ ಸ್ಥಾನ ಸಿಕ್ಕರೂ ಒಂದೇ. "ಒಳ್ಳೆಯ ಲ್ಯಾಪ್‌ಟಾಪ್ ಆರಿಸುವುದು ಹೇಗೆ" ಅಂತ ಹುಡುಕುವವರು ಮೂರು ನಾಲ್ಕು ಪುಟ ತೆರೆದು ಹೋಲಿಸುತ್ತಾರೆ. ಅಲ್ಲಿ 4ನೇ ಸ್ಥಾನಕ್ಕೂ ಬೆಲೆ ಇದೆ. ನಿಮ್ಮ ತಾಣದ ಹೆಸರನ್ನೇ ಹುಡುಕಿ ಬರುವವರ ಸಿಟಿಆರ್ ಯಾವಾಗಲೂ ಭಾರೀ ಇರುತ್ತದೆ. ಅದನ್ನು ಉಳಿದವುಗಳ ಜೊತೆ ಸೇರಿಸಿದರೆ ಇಡೀ ಸರಾಸರಿ ಕೆಡುತ್ತದೆ.

ಪುಟದ ಮೇಲ್ಭಾಗ ಈಗ ಖಾಲಿ ಇಲ್ಲ ಅನ್ನುವುದು ಇನ್ನೊಂದು ತೊಡಕು. ಜಾಹೀರಾತು, ನಕ್ಷೆ, ವಿಡಿಯೊ, ನೇರ ಉತ್ತರದ ಪೆಟ್ಟಿಗೆ ಎಲ್ಲ ದಾಟಿದ ಮೇಲೆ ನಿಮ್ಮ "1ನೇ ಸ್ಥಾನ". ಮೊಬೈಲ್‌ನಲ್ಲಿ ಅದು ಕಾಣಬೇಕಾದರೆ ಒಂದು ಪರದೆ ಪೂರ್ತಿ ಸರಿಸಬೇಕಾಗಬಹುದು. ಸ್ಪಾರ್ಕ್‌ಟೊರೊ ಎಂಬ ಮಾರುಕಟ್ಟೆ ಸಂಶೋಧನಾ ಕಂಪನಿ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಅಮೆರಿಕದಲ್ಲಿ 1000 ಗೂಗಲ್ ಹುಡುಕಾಟಗಳಿಗೆ ಹೊರಗಿನ ತಾಣಗಳಿಗೆ ಬಿದ್ದ ಕ್ಲಿಕ್ ಸುಮಾರು 360. 2024ರ ಮೇನಲ್ಲಿ ಗೂಗಲ್‌ನ ಎಐ ಓವರ್‌ವ್ಯೂ, ಅಂದರೆ ಫಲಿತಾಂಶಗಳ ಮೇಲೆ ಎಐ ಬರೆದುಕೊಡುವ ಸಾರಾಂಶ, ಅಮೆರಿಕದಲ್ಲಿ ಎಲ್ಲರಿಗೂ ಬಂತು. ಆಮೇಲೆ ಪ್ಯೂ ರಿಸರ್ಚ್ ಸೆಂಟರ್ 2025ರ ಮಾರ್ಚ್‌ನ ಬಳಕೆ ನೋಡಿ ಹೇಳಿದ್ದು: ಎಐ ಸಾರಾಂಶ ಇಲ್ಲದ ಪುಟಗಳಲ್ಲಿ 15% ಸಲ ಜನ ಯಾವುದಾದರೂ ಫಲಿತಾಂಶ ಒತ್ತಿದರು, ಸಾರಾಂಶ ಇದ್ದಾಗ 8%. ಸಾರಾಂಶದ ಒಳಗಿನ ಲಿಂಕ್ ಒತ್ತಿದ್ದು 1% ಮಾತ್ರ. ರ‍್ಯಾಂಕ್ ಒಂದಿಷ್ಟೂ ಅಲುಗದೆ ಟ್ರಾಫಿಕ್ ಇಳಿಯುವುದು ಹೀಗೆ.

ಸರಾಸರಿ ಸ್ಥಾನ ಎಂಬ ಮೋಸಗಾರ

ತಾಣದ ಮಾಲೀಕರಿಗೆ ಗೂಗಲ್ ಕೊಡುವ ವರದಿಯಾದ ಸರ್ಚ್ ಕನ್ಸೋಲ್ ತೆರೆದರೆ ನಾಲ್ಕು ಪೆಟ್ಟಿಗೆ ಕಾಣುತ್ತವೆ: ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ನಿಮ್ಮ ಲಿಂಕ್ ಕಾಣಿಸಿಕೊಂಡ ಸಲ), ಸಿಟಿಆರ್, ಸರಾಸರಿ ಸ್ಥಾನ. ಎಲ್ಲರ ಕಣ್ಣು ಹೋಗುವುದು ಕೊನೆಯದಕ್ಕೆ. ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಯಾಕೆ ಅಂತ ಒಂದು ಲೆಕ್ಕ ಮಾಡೋಣ. ಅಂಕಿಗಳು ನಾನೇ ಹಾಕಿದ್ದು.

ಮೊದಲ ತಿಂಗಳು: ನಿಮ್ಮ ಪುಟ ಒಂದೇ ಕೀವರ್ಡ್‌ಗೆ ಕಾಣಿಸುತ್ತಿದೆ. 4ನೇ ಸ್ಥಾನ, 1000 ಇಂಪ್ರೆಶನ್, 80 ಕ್ಲಿಕ್. ಸರಾಸರಿ ಸ್ಥಾನ 4.

ಎರಡನೇ ತಿಂಗಳು: ಅದೇ ಕೀವರ್ಡ್ 3ನೇ ಸ್ಥಾನಕ್ಕೆ ಏರಿತು. 1000 ಇಂಪ್ರೆಶನ್, 110 ಕ್ಲಿಕ್. ಜೊತೆಗೆ ಗೂಗಲ್ ನಿಮ್ಮನ್ನು ಬೇರೆ ಹೊಸ ಹುಡುಕಾಟಗಳಿಗೂ 30ನೇ ಸ್ಥಾನದಲ್ಲಿ ತೋರಿಸಲು ಶುರು ಮಾಡಿತು. ಅಲ್ಲಿ 3000 ಇಂಪ್ರೆಶನ್, 6 ಕ್ಲಿಕ್. ಈಗ ಸರಾಸರಿ? 1000 × 3 ಮತ್ತು 3000 × 30 ಕೂಡಿಸಿದರೆ 93,000. ಅದನ್ನು 4000ದಿಂದ ಭಾಗಿಸಿದರೆ 23.25.

ಸ್ಥಾನ 4ರಿಂದ 23ಕ್ಕೆ "ಕುಸಿದಿದೆ". ಸಿಟಿಆರ್ 8%ರಿಂದ 2.9%ಗೆ "ಕುಸಿದಿದೆ". ಕ್ಲಿಕ್ ಮಾತ್ರ 80ರಿಂದ 116ಕ್ಕೆ ಏರಿದೆ. ವರದಿ ಓದುವವರು ಗಾಬರಿಯಾಗಿ ಪುಟವನ್ನೇ ತಿದ್ದಲು ಹೊರಟರೆ, ಚೆನ್ನಾಗಿದ್ದದ್ದನ್ನು ಕೆಡಿಸಿದ ಹಾಗೆ.

ಉಲ್ಟಾ ಕೂಡ ಆಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯ ತೆಗೆದುಹಾಕಿತು. ಅದನ್ನು ಜಾಸ್ತಿ ಬಳಸುತ್ತಿದ್ದವು ರ‍್ಯಾಂಕ್ ಅಳೆಯುವ ಸಾಫ್ಟ್‌ವೇರ್‌ಗಳು. ಅವು 60, 80ನೇ ಸ್ಥಾನದವರೆಗೂ ಪಟ್ಟಿ ತೆರೆಯುತ್ತಿದ್ದರಿಂದ ಅಲ್ಲೆಲ್ಲ ಇಂಪ್ರೆಶನ್ ಬೀಳುತ್ತಿತ್ತು. ಅದು ನಿಂತ ಕೂಡಲೇ ಎಷ್ಟೋ ತಾಣಗಳ ಇಂಪ್ರೆಶನ್ ಇಳಿಯಿತು, ಸರಾಸರಿ ಸ್ಥಾನ ಸುಧಾರಿಸಿತು. ಯಾರೂ ಏನೂ ಮಾಡಿರಲಿಲ್ಲ.

ಯಾವ ಪುಟ ಮೊದಲು ಹಿಡಿಯಬೇಕು?

11ರಿಂದ 20ನೇ ಸ್ಥಾನದಲ್ಲಿರುವ ಪುಟಗಳನ್ನು ಮೊದಲ ಪುಟಕ್ಕೆ ತನ್ನಿ, ಅದೇ ಸುಲಭದ ದಾರಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 12ರಿಂದ 9ಕ್ಕೆ ಬಂದರೆ ಬಯಲಿನ ತುದಿಗೆ ಬಂದ ಹಾಗೆ, ಬಂಡೆ ಇನ್ನೂ ದೂರ. 3ರಿಂದ 6ರೊಳಗೆ ಇದ್ದು, ಹುಡುಕುವವರೂ ಸಾಕಷ್ಟಿರುವ ಪುಟಗಳನ್ನು ಮೊದಲು ನೋಡಿ. ಮೇಲೆ ಕೂತವರು ಗಟ್ಟಿ ಇದ್ದರೆ ಹತ್ತುವುದು ಕಷ್ಟ, ನಿಜ. ಆದರೆ ಅಲ್ಲಿ ಶೀರ್ಷಿಕೆ ತಿದ್ದಿದರೂ ಕೆಲವೊಮ್ಮೆ ಫಲ ಸಿಗುತ್ತದೆ, ಯಾಕೆಂದರೆ ಆ ಜಾಗದವರೆಗೆ ಜನರ ಕಣ್ಣು ಹೇಗೂ ಬರುತ್ತದೆ.

ಮಾಡಿ ನೋಡಬೇಕು ಅನ್ನುವವರಿಗೆ: ಕನ್ಸೋಲ್‌ನಲ್ಲಿ 3 ತಿಂಗಳ ಅವಧಿ ಆರಿಸಿ. ನಿಮ್ಮ ತಾಣದ ಹೆಸರಿರುವ ಹುಡುಕಾಟಗಳನ್ನು ಫಿಲ್ಟರ್ ಹಾಕಿ ತೆಗೆಯಿರಿ. ಸ್ಥಾನ 7ಕ್ಕಿಂತ ಕಮ್ಮಿ ಇರುವುದನ್ನು ಮಾತ್ರ ಉಳಿಸಿ, ಇಂಪ್ರೆಶನ್ ಜಾಸ್ತಿ ಇರುವುದು ಮೇಲೆ ಬರುವಂತೆ ಜೋಡಿಸಿ. ಆಮೇಲೆ ಒಂದೊಂದು ಸ್ಥಾನಕ್ಕೂ ನಿಮ್ಮದೇ ಸಿಟಿಆರ್ ಲೆಕ್ಕ ಹಾಕಿ, ಗೆರೆಯಾಗಿ ಎಳೆಯಿರಿ. ನನ್ನದರಲ್ಲಿ 2ನೇ ಸ್ಥಾನದ ಒಂದು ಪುಟ ಗೆರೆಯಿಂದ ತುಂಬಾ ಕೆಳಗೆ ಬಿದ್ದಿತ್ತು. ತೆರೆದು ನೋಡಿದರೆ ಅದರ ಶೀರ್ಷಿಕೆಯಲ್ಲಿ ಮೂರು ವರ್ಷ ಹಿಂದಿನ ಇಸವಿ ಹಾಗೇ ಉಳಿದುಕೊಂಡಿತ್ತು.